ಅಜ್ಜಿ ಕಥೆಯನ್ನು ಮಗು ತಾನೇ ಓದುವ ಹಾಗೆ ಬರೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಕಥೆ ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಅದೇ ಕಥೆಯನ್ನು ಬರೆದು ಕೈಗೆ ಕೊಟ್ಟರೆ ಎರಡನೇ ಸಾಲಿಗೇ ಪುಸ್ತಕ ಮಡಚುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಕ್ಕಳಿಗೆ ಕಥೆ ಪುಸ್ತಕ ಮಾಡಲು ಹೊರಟ ಮೇಷ್ಟ್ರು, ಮೇಡಂ, ಅಪ್ಪ ಅಮ್ಮಂದಿರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಕಥೆ ಚೆನ್ನಾಗಿರುತ್ತದೆ, ಚಿತ್ರವೂ ಚೆನ್ನಾಗಿರುತ್ತದೆ. ಓದು ಮಾತ್ರ ಮುಂದೆ ಹೋಗುವುದಿಲ್ಲ.

ಹೆಚ್ಚಿನ ಸಲ ತಪ್ಪಿರುವುದು ಕ್ರಮದಲ್ಲಿ. ಮೊದಲು ಕಥೆ ಆರಿಸುತ್ತಾರೆ, ಬರೆಯುತ್ತಾರೆ, ಚಿತ್ರ ಹಾಕಿಸುತ್ತಾರೆ, ಕೊನೆಗೆ ಮಗುವಿನ ಮುಂದೆ ಇಡುತ್ತಾರೆ. ಮಗುವಿಗೆ ಯಾವ ಅಕ್ಷರ ಬರುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ಇದು ಉಲ್ಟಾ ಆಗಬೇಕು. ಮೊದಲು ಮಗು, ಆಮೇಲೆ ಅಕ್ಷರ, ಆಮೇಲೆ ಕಥೆ. ಚಿತ್ರ ಎಲ್ಲಕ್ಕಿಂತ ಕೊನೆಗೆ.

ಇನ್ನೊಂದು ಮಾತು. ಕೇಳುವಾಗ ಮಗುವಿಗೆ ಕಥೆ ಹೊಸದಿದ್ದರೂ ಪರವಾಗಿಲ್ಲ, ಯಾಕೆಂದರೆ ಮಾತು ಪರಿಚಯದ್ದು. ಓದುವಾಗ ಅಕ್ಷರವೇ ಹೊಸದು. ಅದರ ಜೊತೆ ಕಥೆಯೂ ಹೊಸದು, ಪದವೂ ಹೊಸದು ಅಂದರೆ ಆರು ಏಳು ವರ್ಷದ ಮಗುವಿಗೆ ಭಾರ. ಕೆಳಗಿನ ಹಂತಗಳೆಲ್ಲ ಈ ಭಾರ ಇಳಿಸುವ ದಾರಿಗಳೇ. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮೊದಲೇ ಹೊಂದಿಸಿಕೊಳ್ಳಿ

ದನಿ ರೆಕಾರ್ಡ್ ಮಾಡಲು ಒಂದು ಫೋನು, ಗೆರೆ ಹಾಕಿದ ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು, ಎ4 ಹಾಳೆ, ಸ್ಟೇಪ್ಲರ್. ಪದ ಬರೆಯುವ ಕಾರ್ಡಿಗೆ ದುಡ್ಡು ಹಾಕಬೇಡಿ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಕತ್ತರಿಸಿಕೊಂಡರೆ ಗಟ್ಟಿ ಕಾರ್ಡು ಆಗುತ್ತದೆ. ಮತ್ತೆ, ಓದಲು ಕಲಿಯುತ್ತಿರುವ ಒಂದು ಮಗು ಬೇಕೇ ಬೇಕು. ಮಗುವಿಲ್ಲದೆ ಕೂತು ಬರೆದ ಪುಸ್ತಕ ದೊಡ್ಡವರಿಗೆ ಮಾತ್ರ ಇಷ್ಟವಾಗುತ್ತದೆ.

ಹಂತ 1: ಮಗು ಯಾವ ಮೆಟ್ಟಿಲಲ್ಲಿದೆ ನೋಡಿ

ಕನ್ನಡ ಓದಿಗೆ ನಾಲ್ಕು ಮೆಟ್ಟಿಲು ಅಂದುಕೊಳ್ಳಿ. ಬರೀ ಅಕ್ಷರ (ಮರ, ಅರಸ). ಕಾಗುಣಿತ ಮತ್ತು ಸೊನ್ನೆ (ಕಾಗೆ, ನದಿ, ಬಂತು). ಅದೇ ಅಕ್ಷರದ ಒತ್ತು (ಬೆಕ್ಕು, ಅಕ್ಕ). ಬೇರೆ ಅಕ್ಷರದ ಒತ್ತು ಮತ್ತು ಅರ್ಕಾವತ್ತು (ಪುಸ್ತಕ, ಸೂರ್ಯ).

ಪರೀಕ್ಷೆ ಅಂತ ಹೇಳದೆ ನೋಡಲು ನಮ್ಮ ಕಡೆಯ ಬಸ್ ಬೋರ್ಡುಗಳೇ ಸಾಕು. ಐದು ಕಾರ್ಡು ಮಾಡಿ: ಪಾವಗಡ, ಬಂಗಾರಪೇಟೆ, ಗುಬ್ಬಿ, ಶ್ರೀನಿವಾಸಪುರ, ದೇವರಾಯನದುರ್ಗ. ಮೊದಲ ಎರಡರಲ್ಲಿ ಕಾಗುಣಿತ, ಸೊನ್ನೆ ಬಿಟ್ಟು ಬೇರೇನೂ ಇಲ್ಲ. ಗುಬ್ಬಿಯಲ್ಲಿ ಬ ಕೆಳಗೆ ಬ. ಶ್ರೀನಿವಾಸಪುರದಲ್ಲಿ ಬೇರೆ ಅಕ್ಷರದ ಒತ್ತು. ಕೊನೆಯದರಲ್ಲಿ ಅರ್ಕಾವತ್ತು. ಮಗು ಎಲ್ಲಿ ತಡವರಿಸಿ ನಿಂತಿತೋ ಅದರ ಹಿಂದಿನ ಮೆಟ್ಟಿಲಿಗೆ ಕಥೆ ಬರೆಯಿರಿ.

ಬೋರ್ಡು ದಿನಾ ನೋಡಿ ಬಾಯಿಪಾಠ ಆಗಿರಬಹುದು ಅನ್ನುವ ಅನುಮಾನವೇ? ಅದೇ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ 'ಗಡಪಾವ' ಅಂತ ಬರೆದು ತೋರಿಸಿ. ಓದಿದ ಮಗು ನಗುತ್ತದೆ. ಓದದ ಮಗು 'ಪಾವಗಡ' ಅನ್ನುತ್ತದೆ.

ಮೊದಲ ಮೆಟ್ಟಿಲಲ್ಲೇ ಇರುವ ಮಗುವಿಗೆ ಕಥೆ ಪುಸ್ತಕ ಕೊಡಲು ಅವಸರ ಬೇಡ. ಸರ್ಕಾರಿ ಶಾಲೆಗಳ ನಲಿಕಲಿ ತರಗತಿಯಲ್ಲಿ ಅ ಆ ಇ ಈ ಕ್ರಮ ಇಲ್ಲ. 'ರ ಗ ಸ ದ ಅ' ಮೊದಲು, 'ಜ ವ ಮ ಬ ನ' ಆಮೇಲೆ. ಈ ಹತ್ತು ಅಕ್ಷರದಲ್ಲಿ ಅರಸ, ಅರಸನ ಮಗ, ಬನದ ಮರ ಎಲ್ಲ ಬರೆಯಬಹುದು. ಆದರೆ ಅರಸ ಬಂದ, ಹೋದ, ನೋಡಿದ ಅಂತ ಬರೆಯೋಕೆ ಕಾಗುಣಿತ, ಸೊನ್ನೆ ಬೇಕೇ ಬೇಕು. ಅಲ್ಲಿಯವರೆಗೆ ಕಥೆಯನ್ನು ಬಾಯಲ್ಲಿ ಹೇಳಿ, ಚಿತ್ರದ ಕೆಳಗೆ ಒಂದೊಂದೇ ಪದ ಬರೆದರೆ ಸಾಕು.

ಹಂತ 2: ಪ್ರಾಣಿಯ ಹೆಸರು ನೋಡಿ ಕಥೆ ಆರಿಸಿ

ಕೇಳೋಕೆ ವಿಚಿತ್ರ ಅನ್ನಿಸಬಹುದು, ಆದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಕಥೆಯ ನಾಯಕನ ಹೆಸರು ಪುಟಕ್ಕೆ ನಾಲ್ಕು ಸಲ ಬರುತ್ತದೆ. ಅದನ್ನೇ ಓದಲಾಗದಿದ್ದರೆ ಉಳಿದದ್ದು ಸುಲಭವಾಗಿದ್ದು ಏನು ಪ್ರಯೋಜನ?

ಒತ್ತಿಲ್ಲದ ಹೆಸರುಗಳು: ನರಿ, ಹುಲಿ, ಇಲಿ, ಮೊಲ, ಆಮೆ, ಆನೆ, ಏಡಿ, ಕಾಗೆ, ಗಿಳಿ, ಕರಡಿ, ಕೋತಿ, ಮೊಸಳೆ, ಹಾವು, ಮೀನು, ಹಸು, ನವಿಲು. ಇವು ಎರಡನೇ ಮೆಟ್ಟಿಲಿಗೆ.

ಅದೇ ಅಕ್ಷರದ ಒತ್ತಿರುವವು: ಗುಬ್ಬಿ, ಬೆಕ್ಕು, ಕತ್ತೆ, ಕಪ್ಪೆ, ಎತ್ತು, ಕೊಕ್ಕರೆ. ಇವು ಮೂರನೆಯದಕ್ಕೆ.

ಹಾಗಾಗಿ ಕೋತಿ ಮೊಸಳೆ ಕಥೆ ಎರಡನೇ ಮೆಟ್ಟಿಲಿಗೆ ಹೇಳಿ ಮಾಡಿಸಿದ್ದು. ಗುಬ್ಬಕ್ಕ ಕಾಗಕ್ಕ ಮೂರನೇ ಮೆಟ್ಟಿಲಿಗೆ. ಕೊಕ್ಕರೆ ಏಡಿ ಕಥೆಯೂ ಅಲ್ಲಿಗೇ. ಮೊಲ ಸಿಂಹವನ್ನು ಬಾವಿಗೆ ಬೀಳಿಸುವ ಕಥೆಯಲ್ಲಿ 'ಸಿಂಹ' ತೊಡಕು ಮಾಡುತ್ತದೆ, ಸೊನ್ನೆ ಅಲ್ಲಿ 'ಮ್' ಆಗಿ ಹ ಜೊತೆ ಸೇರುತ್ತದಲ್ಲ. ಹುಲಿ ಅಂತ ಬದಲಿಸಿ, ಕಥೆಗೆ ಏನೂ ಆಗುವುದಿಲ್ಲ.

ಸದ್ಯಕ್ಕೆ ಪಕ್ಕಕ್ಕಿಡಬೇಕಾದವು: ಕಥೆಯೊಳಗೆ ಕಥೆ ಇರುವವು (ಪಂಚತಂತ್ರದಲ್ಲಿ ಇದು ಜಾಸ್ತಿ, ಒಳಗಿನ ಒಂದನ್ನು ಮಾತ್ರ ಬಿಡಿಸಿ ತೆಗೆದುಕೊಳ್ಳಿ), 'ಹಿಂದೆ ಒಮ್ಮೆ ಹೀಗಾಗಿತ್ತು' ಅಂತ ಹಿಂದಕ್ಕೆ ಹೋಗುವವು, ಮಾತಿನ ಚಮತ್ಕಾರದ ಮೇಲೆ ನಿಂತವು. ತೆನಾಲಿ ರಾಮ, ಬೀರಬಲ್ಲನ ಕಥೆಗಳಲ್ಲಿ ಮಜಾ ಇರುವುದು ವಾದದಲ್ಲಿ. ಅಕ್ಷರ ಕೂಡಿಸುತ್ತಾ ಕೂತ ಮಗುವಿಗೆ ಆ ವಾದ ಕೈಗೆ ಸಿಗುವುದಿಲ್ಲ.

ಹಂತ 3: ಬರೆಯುವ ಮೊದಲು ಬಾಯಲ್ಲಿ ಹೇಳಿ, ರೆಕಾರ್ಡ್ ಮಾಡಿ

ಮನೆಯಲ್ಲಿ ಅಜ್ಜಿ ಇದ್ದರೆ ಅವರ ಬಾಯಲ್ಲೇ ಹೇಳಿಸಿ. ಫೋನ್ ಎದುರಿಗೆ ಒಬ್ಬರನ್ನೇ ಕೂರಿಸಬೇಡಿ, ಕಥೆ ಒಣಗಿ ಹೋಗುತ್ತದೆ. 'ಹ್ಞೂಂ' ಅನ್ನೋಕೆ ಒಂದು ಮಗು ಎದುರಿಗಿರಬೇಕು. ಮಗು ಎಲ್ಲಿ 'ಹ್ಞೂಂ' ಮರೆತು ಬಾಯಿ ಬಿಟ್ಟಿತು, ಎಲ್ಲಿ ತಾನೇ ಮುಂದಿನ ಮಾತು ಹೇಳಿತು ಅಂತ ಗುರುತು ಹಾಕಿಕೊಳ್ಳಿ. ಆ ಸಾಲುಗಳು ಪುಸ್ತಕದಲ್ಲಿ ಹಾಗೇ ಬರಬೇಕು. ಪುಸ್ತಕ ಕೈಗೆ ಕೊಡುವ ಮೊದಲು ಮಗು ಈ ಕಥೆಯನ್ನು ಕಡಿಮೆಯೆಂದರೂ ಎರಡು ಸಲ ಕೇಳಿರಲಿ.

ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆಯವರು ಈ ಹಂತವನ್ನು ಬಿಡಲೇಬಾರದು. ಅಲ್ಲಿ ಎಷ್ಟೋ ಮಕ್ಕಳಿಗೆ ಮನೆಮಾತು ತೆಲುಗು, ಓದು ಕನ್ನಡ. ಕಥೆಯನ್ನು ಮೊದಲು ತೆಲುಗಿನಲ್ಲೇ ಹೇಳಿ, ಎರಡನೇ ಸಲ ಕನ್ನಡದಲ್ಲಿ ಹೇಳಿ, ಮೂರನೇ ಸಲ ಪುಸ್ತಕ ತೆಗೆಯಿರಿ. ಅಲ್ಲಿಗೂ ಕೋತಿ ಮೊಸಳೆ ಕಥೆ ಒಳ್ಳೆಯ ಶುರು: ಕೋತಿ ಎರಡೂ ಕಡೆ ಕೋತಿಯೇ, ಮೊಸಳೆ ಅಲ್ಲಿ ಮೊಸಲಿ. ಮರವನ್ನು ಮಾತ್ರ 'ಚೆಟ್ಟು' ಅನ್ನುವ ಮಗುವಿಗೆ ಮೊದಲೇ ತೋರಿಸಿ ಹೇಳಬೇಕು.

ಹಂತ 4: ಆರು ಘಟನೆಗೆ ಇಳಿಸಿ

ಪುಟಕ್ಕೆ ಒಂದು ಘಟನೆ, ಆರು ಪುಟ. ಕೋತಿ ಕಥೆ ಹೀಗೆ ನಿಲ್ಲುತ್ತದೆ: ಮರದ ಮೇಲೆ ಕೋತಿ, ನೀರಲ್ಲಿ ಮೊಸಳೆ. ಇಬ್ಬರೂ ನೇರಳೆ ತಿಂದು ಸ್ನೇಹ. ಮೊಸಳೆಯ ಹೆಂಡತಿಗೆ ಕೋತಿಯ ಗುಂಡಿಗೆ ಬೇಕು. ಮೊಸಳೆ ಬೆನ್ನ ಮೇಲೆ ಸವಾರಿ. ನಡುನೀರಲ್ಲಿ ಗುಟ್ಟು ರಟ್ಟು, ಕೋತಿಯ ಉಪಾಯ. ಕೋತಿ ಮರಕ್ಕೆ ಜಿಗಿತ.

ಆರಕ್ಕೆ ಹಿಡಿಸದ ಕಥೆಯನ್ನು ಹಿಂಡಿ ಕೂರಿಸಬೇಡಿ, ಬೇರೆ ಕಥೆ ಹುಡುಕಿ. ನದಿ ಬೇಡ ಅನ್ನಿಸಿದರೆ ಕೆರೆ ಮಾಡಿಕೊಳ್ಳಿ. ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರದ ಮಗುವಿಗೆ ಕೆರೆಯೇ ಹತ್ತಿರ.

ಹಂತ 5: ಸಾಲು ಬರೆಯುವುದು

ಜಾಸ್ತಿ ಜನ ಎಡವುವುದು ಇಲ್ಲಿ. ಪೆನ್ನು ಹಿಡಿದ ಕೂಡಲೇ ಗ್ರಂಥದ ಕನ್ನಡ ಬಂದುಬಿಡುತ್ತದೆ. ಇಂಥ ಸಾಲು ನೋಡಿ:

'ನದೀತೀರದಲ್ಲಿದ್ದ ಜಂಬೂವೃಕ್ಷದ ಮೇಲೆ ವಾಸಿಸುತ್ತಿದ್ದ ವಾನರವೊಂದು ಮೊಸಳೆಯನ್ನು ಕಂಡು ಸ್ನೇಹದಿಂದ ಫಲಗಳನ್ನು ನೀಡಿತು.'

ಯಾರೂ ಹೀಗೆ ಕಥೆ ಹೇಳುವುದಿಲ್ಲ, ಅಲ್ವಾ? ಮಗು 'ವಾಸಿಸುತ್ತಿದ್ದ' ಮುಗಿಸುವ ಹೊತ್ತಿಗೆ 'ನದೀತೀರ' ಮರೆತಿರುತ್ತದೆ. ಇದನ್ನೇ ಎರಡನೇ ಮೆಟ್ಟಿಲಿಗೆ ಹೀಗೆ ಬರೆಯಬಹುದು:

ನದಿ ಬಳಿ ಒಂದು ಮರ.
ಅದು ನೇರಳೆ ಮರ.
ಮರದ ಮೇಲೆ ಕೋತಿ.
ನದಿ ಒಳಗೆ ಮೊಸಳೆ.
ಮೊಸಳೆ ಮರದ ಬಳಿ ಬಂತು.
"ಕೋತಿ, ಕೋತಿ! ನನಗೂ ನೇರಳೆ ಕೊಡು."
ಕೋತಿ ಕೊಂಬೆ ಕುಲುಕಿತು.
ನೇರಳೆ ಪಟಪಟ ಉದುರಿತು.

ಇಲ್ಲಿ ಒಂದೇ ಒಂದು ಒತ್ತಕ್ಷರ ಇಲ್ಲ. ಇದು ತಾನಾಗಿ ಆಗುವುದಿಲ್ಲ, ಕೆಲವು ಕಡೆ ಬೇಕಂತಲೇ ದಾರಿ ಬದಲಿಸಬೇಕು.

ಕನ್ನಡದಲ್ಲಿ ಒತ್ತು ಹೆಚ್ಚಾಗಿ ನುಗ್ಗುವುದು ಪದದ ಬಾಲದಿಂದ. 'ಮರದಲ್ಲಿ' ಅಂದರೆ ಲ್ಲ ಬಂತು. 'ಮರದ ಮೇಲೆ', 'ಮರದ ಬಳಿ' ಅನ್ನಿ. 'ನೇರಳೆಯನ್ನು' ಅಂದರೆ ನ್ನ ಬಂತು. ಸುಮ್ನೆ 'ನೇರಳೆ ತಿಂತು' ಅನ್ನಿ, ಮಾತಲ್ಲಿ ನಾವು ಹಾಗೇ ತಾನೇ ಅನ್ನುವುದು? 'ಬರುತ್ತದೆ, ನೋಡುತ್ತದೆ' ಎಲ್ಲದರಲ್ಲೂ ತ್ತ ಇದೆ. 'ಬಂತು, ನೋಡಿತು, ಹೇಳಿತು, ಹೋಯಿತು' ಹಗುರ. ಆದ್ದರಿಂದ ಕಥೆ ನಡೆದುಹೋದ ಕಾಲದಲ್ಲೇ ಇರಲಿ. 'ಮರವೊಂದಿತ್ತು' ಅಂತ ಸೇರಿಸಿ ಬರೆಯಬೇಡಿ. ಬಿಡಿಸಿ, 'ಒಂದು ಮರ'. 'ಹೃದಯ' ಬೇಡ, 'ಗುಂಡಿಗೆ' ಇದೆ. ಕೋತಿಯ ಉಪಾಯದ ಸಾಲು ಕೂಡ ಇದೇ ಮೆಟ್ಟಿಲಲ್ಲಿ ನಿಲ್ಲುತ್ತದೆ: "ಅರೆರೆ! ಗುಂಡಿಗೆ ಮರದ ಮೇಲೆ ಇದೆ. ತಿರುಗು, ತಿರುಗು!"

ಹಾಗಂತ ಇತ್ತು, ಅಲ್ಲಿ, ಇಲ್ಲ ಈ ಮೂರನ್ನು ಬಹಳ ದಿನ ತಪ್ಪಿಸೋಕೆ ಆಗುವುದಿಲ್ಲ. ಇವನ್ನು ಕಾರ್ಡಿನಲ್ಲಿ ಬರೆದು, ಅಕ್ಷರ ಬಿಡಿಸದೆ, ಇಡೀ ಪದವಾಗಿಯೇ ಪರಿಚಯ ಮಾಡಿಸಿ. ಆಮೇಲೆ ಧೈರ್ಯವಾಗಿ ಬಳಸಿ.

ಸಾಲಿಗೆ ಮೂರರಿಂದ ಐದು ಪದ ಸಾಕು. 'ಹಾರಿ, ಬಂದು, ಕೂತು, ನೋಡಿ, ಹೇಳಿತು' ಅಂತ ಸರಪಳಿ ಬೇಡ. ಒಂದು ಕೆಲಸ, ಒಂದು ಸಾಲು.

ಬರೆದಾದ ಮೇಲೆ ಬೇರೆ ಬಣ್ಣದ ಪೆನ್ನಿನಲ್ಲಿ ಎಲ್ಲ ಒತ್ತಿಗೂ, ಖ ಘ ಛ ಠ ಧ ಭ ಥರದ ಮಹಾಪ್ರಾಣಕ್ಕೂ ಸುತ್ತು ಹಾಕಿ. ಸುತ್ತು ಜಾಸ್ತಿ ಕಂಡ ಪುಟವನ್ನು ಮತ್ತೆ ಬರೆಯಿರಿ. ಮುಖಪುಟದ ಮೇಲೆ 'ಕಥೆ' ಬದಲು 'ಕತೆ' ಅಂತ ಹಾಕಿದರೂ ನಡೆಯುತ್ತದೆ, ಎರಡೂ ರೂಢಿಯಲ್ಲಿವೆ.

ಹಂತ 6: ಮರುಕಳಿಸುವ ಸಾಲು

ಮೂರನೇ ಮೆಟ್ಟಿಲಿಗೆ ಗುಬ್ಬಕ್ಕ ಕಾಗಕ್ಕನಷ್ಟು ಅನುಕೂಲದ ಕಥೆ ನನಗೆ ಇನ್ನೊಂದು ಗೊತ್ತಿಲ್ಲ. ಮಳೆಯಲ್ಲಿ ನೆನೆದ ಕಾಗೆ ಬಾಗಿಲು ತಟ್ಟುತ್ತದೆ, ಗುಬ್ಬಿ ಪ್ರತಿ ಸಲ ಒಂದು ನೆಪ ಹೇಳುತ್ತದೆ. ಓದುವ ಮಗುವಿಗೆ ಬೇಕಾದ್ದು ಇದೇ:

ಗುಬ್ಬಕ್ಕನ ಮನೆ ಕಲ್ಲಿನ ಮನೆ.
ಕಾಗಕ್ಕನ ಮನೆ ಸಗಣಿ ಮನೆ.
ಜೋರು ಮಳೆ ಬಂತು.
ಕಾಗಕ್ಕನ ಮನೆ ಕರಗಿ ಹೋಯಿತು.
"ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!"
"ತಾಳು ಕಾಗಕ್ಕ, ಮಗುಗೆ ನೀರು ಹಾಕಿ ಬರುವೆ."

ಮುಂದಿನ ಪುಟದಲ್ಲಿ 'ಮಗುಗೆ ಬಟ್ಟೆ ತೊಡಿಸಿ ಬರುವೆ'. ಅದರ ಮುಂದೆ 'ತೊಟ್ಟಿಲು ತೂಗಿ ಬರುವೆ'. ಬಾಗಿಲು ತಟ್ಟುವ ಸಾಲು ಪ್ರತಿ ಪುಟದಲ್ಲೂ ಒಂದೇ. ಬದಲಾಗುವುದು ಎರಡು ಮೂರು ಪದ. ಮೊದಲ ಪುಟದಲ್ಲಿ ಬೆವರಿದ ಮಗು ಮೂರನೇ ಪುಟಕ್ಕೆ ಬರುವಾಗ 'ಗುಬ್ಬಕ್ಕ, ಗುಬ್ಬಕ್ಕ' ಅಂತ ರಾಗ ಎಳೆಯುತ್ತಿರುತ್ತದೆ. ಅದೇ ಉಸಿರಿನಲ್ಲಿ ಹೊಸ ಪದಕ್ಕೂ ಕೈ ಹಾಕುತ್ತದೆ.

ಇಲ್ಲಿ ಬರಹಗಾರರು ಮಾಡುವ ತಪ್ಪು: ಬೇಜಾರಾಗುತ್ತದೆ ಅಂತ ಸಾಲನ್ನು ಬದಲಿಸುವುದು. ಒಂದು ಕಡೆ 'ಬಾಗಿಲು ತೆಗಿ', ಇನ್ನೊಂದು ಕಡೆ 'ಕದ ತೆರೆಯಮ್ಮ'. ಬೇಜಾರಾಗುವುದು ನಿಮಗೆ, ಮಗುವಿಗಲ್ಲ.

ಈ ಕಥೆಯ ಕೊನೆ ಮನೆಗೊಂದು ಥರ. ಕೆಲವರ ಕಥೆಯಲ್ಲಿ ಕಾಗೆ ರಾತ್ರಿಯೆಲ್ಲ ಗುಬ್ಬಿಯ ಕಡಲೆ ಕಟುಕುಟು ತಿಂದು ಮುಗಿಸುತ್ತದೆ. ನಿಮ್ಮ ಮನೆಯಲ್ಲಿ ಮಗು ಕೇಳಿರುವ ಕೊನೆಯನ್ನೇ ಬರೆಯಿರಿ. ಪುಸ್ತಕದಲ್ಲಿ ಬೇರೆ ಥರ ಇದ್ದರೆ ಮಗು ತಾನೇ ತಪ್ಪು ಓದಿದೆ ಅಂದುಕೊಳ್ಳುತ್ತದೆ.

ಕೊನೆಗೆ 'ನೀತಿ' ಬರೆಯಬೇಡಿ. ಇದು ನನ್ನ ಹಟ ಅಂತ ಬೇಕಾದರೂ ಅನ್ನಿ. ಆದರೆ 'ಆದ್ದರಿಂದ ಸಂಕಷ್ಟದಲ್ಲಿರುವ ಮಿತ್ರರಿಗೆ' ಅಂತ ಶುರುವಾಗುವ ಆ ಸಾಲೇ ಇಡೀ ಪುಸ್ತಕದಲ್ಲಿ ಕಷ್ಟದ ಸಾಲಾಗಿರುತ್ತದೆ. ಅದೂ ಮಗು ಸುಸ್ತಾದ ಮೇಲೆ ಬರುತ್ತದೆ.

ಹಂತ 7: ತೊಡಕಿನ ಅಕ್ಷರಗಳನ್ನು ಮೊದಲೇ ತೋರಿಸಿ

ಅರ್ಕಾವತ್ತಿನ ತೊಂದರೆ ಬೇರೆಯದೇ. ಬಾಯಲ್ಲಿ ರ್ ಮೊದಲು, ಕಣ್ಣಿಗೆ ಅದು ಆಮೇಲೆ. ಹಾಗಾಗಿ 'ಸೂರ್ಯ' ಎದುರಿಗೆ ಬಂದಾಗ ಮಗು 'ಸೂ... ಯ... ರ' ಅಂತ ಓದಿ ನಿಮ್ಮ ಮುಖ ನೋಡುತ್ತದೆ. ಅದು ಸರಿಯಾಗಿಯೇ ಎಡದಿಂದ ಬಲಕ್ಕೆ ಓದಿದೆ, ಬೈಯಬೇಡಿ. 'ಈ ಚಿಹ್ನೆ ಕಂಡರೆ ಹಿಂದಕ್ಕೆ ಜಿಗಿ' ಅಂತ ಬೆರಳಿಟ್ಟು ತೋರಿಸಿ. ಒಂದು ಪುಸ್ತಕದಲ್ಲಿ ಅರ್ಕಾವತ್ತಿನ ಒಂದೇ ಪದ ಇರಲಿ, ಅದೇ ನಾಲ್ಕಾರು ಸಲ ಬರಲಿ.

'ಮೊ' ಮತ್ತು 'ಯೊ' ಕೂಡ ಹೀಗೇ. 'ಕೊ' ಗೊತ್ತಿರುವ ಮಗು 'ಮೊ' ಕಂಡು ನಿಲ್ಲುತ್ತದೆ, ಬರೆಯುವ ರೀತಿ ಬೇರೆ ಇದೆಯಲ್ಲ. 'ಮೊಸಳೆ' ಪುಟ ತೆರೆಯುವ ಮೊದಲು ಕಾರ್ಡಿನಲ್ಲಿ ತೋರಿಸಿಬಿಡಿ. ಮ ವ, ಪ ಷ, ದ ಧ, ಎ ಏ ಇವೂ ಒಂದನ್ನೊಂದು ಹೋಲುತ್ತವೆ. ಹೊಸ ಪದಗಳಲ್ಲಿ ಇಂಥ ಜೋಡಿ ಒಟ್ಟಿಗೆ ಬರದ ಹಾಗೆ ನೋಡಿಕೊಳ್ಳಿ.

ಹಂತ 8: ಪುಟ ಮಾಡುವುದು

ಎರಡು ಎ4 ಹಾಳೆ ನಡುವೆ ಮಡಚಿದರೆ ಎಂಟು ಪುಟ. ಮೊದಲನೆಯದು ಮುಖಪುಟ, ಎರಡರಿಂದ ಏಳು ಕಥೆ, ಎಂಟರಲ್ಲಿ ಹೊಸ ಪದಗಳ ಪಟ್ಟಿ. ಜೆರಾಕ್ಸ್ ಅಂಗಡಿಗೆ ಕೊಡುವಾಗ ಪುಟಗಳ ಜೋಡಿ ಹೀಗಿರಲಿ, ಎಡದ್ದು ಮೊದಲು: ಒಂದನೇ ಹಾಳೆಯ ಹೊರಬದಿ 8 ಮತ್ತು 1, ಒಳಬದಿ 2 ಮತ್ತು 7. ಎರಡನೇ ಹಾಳೆ ಹೊರಬದಿ 6 ಮತ್ತು 3, ಒಳಬದಿ 4 ಮತ್ತು 5. ಮೊದಲು ಖಾಲಿ ಹಾಳೆ ಮಡಚಿ, ಅಂಕಿ ಬರೆದು ನೋಡಿಕೊಂಡರೆ ದುಡ್ಡು ಉಳಿಯುತ್ತದೆ.

ಅಕ್ಷರದ ಅಳತೆ (ಫಾಂಟ್ ಸೈಜ್) 22ಕ್ಕಿಂತ ಕಡಿಮೆ ಬೇಡ. ಅದಕ್ಕಿಂತ ಮುಖ್ಯ ಸಾಲುಗಳ ನಡುವಿನ ಜಾಗ. ಕನ್ನಡದ ಒತ್ತು ಕೆಳಗೆ ನೇತಾಡುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏಳುತ್ತದೆ. ಜಾಗ ಇಲ್ಲದಿದ್ದರೆ ಎರಡೂ ಅಂಟಿಕೊಳ್ಳುತ್ತವೆ. ಅಂತರ ಒಂದೂವರೆ ಪಟ್ಟು ಅಥವಾ ಹೆಚ್ಚು ಇಡಿ. ಪ್ರಿಂಟ್ ಬಂದ ಮೇಲೆ ಕ್ಕ, ತ್ತ, ನ್ನ ಒತ್ತುಗಳು ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿ. ಕೆಲವು ಚೆಂದದ ಫಾಂಟುಗಳಲ್ಲಿ ಎಲ್ಲ ಒಂದೇ ಥರ ಚುಕ್ಕಿ ಆಗಿರುತ್ತವೆ.

ಪದವನ್ನು ಸಾಲಿನ ಕೊನೆಯಲ್ಲಿ ಒಡೆಯಬೇಡಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ; 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದನ್ನು ಫೋನಿಗೆ ಕಳಿಸಿದರೆ ಚಿತ್ರವಿಚಿತ್ರ ಗುರುತು ಬರುತ್ತದೆ. ಕೈಬರಹ ದುಂಡಾಗಿದ್ದರೆ ಕಂಪ್ಯೂಟರೇ ಬೇಡ.

ಚಿತ್ರ ಸಾಲಿನ ಮೇಲಿರಲಿ, ಸಾಲಿನ ಹಿಂದೆ ಬೇಡ. ಘಟನೆ ಪೂರ್ತಿ ಚಿತ್ರದಲ್ಲೇ ಕಂಡರೆ ಮಗು ಸಾಲು ನೋಡುವುದೇ ಇಲ್ಲ. ಕೋತಿ ಜಿಗಿಯುವ ಪುಟದಲ್ಲಿ ಬರೀ ಮೊಸಳೆಯ ಮುಖ ಬಿಡಿಸಿ. ಏನಾಯಿತು ಅಂತ ತಿಳಿಯಲು ಓದಲೇಬೇಕು.

ಹಂತ 9: ಮಗುವಿನ ಜೊತೆ ಕೂತು ಓದುವುದು

ಮೊದಲ ಸಲ ನೀವು ಓದಿ, ಪದದ ಕೆಳಗೆ ಬೆರಳು ಓಡಿಸಿ. ಎರಡನೇ ಸಲ ಇಬ್ಬರೂ ಒಟ್ಟಿಗೆ. ಮೂರನೇ ಸಲ ಮರುಕಳಿಸುವ ಸಾಲು ಮಗುವಿನದು, ಉಳಿದದ್ದು ನಿಮ್ಮದು. ಆಮೇಲೆ ಮಗು ಒಂಟಿಯಾಗಿ. ಎಲ್ಲ ಒಂದೇ ದಿನ ಆಗಬೇಕಾಗಿಲ್ಲ.

ಮಗು ನಿಂತರೆ ತಕ್ಷಣ ಪದ ಹೇಳಬೇಡಿ. ಮನಸ್ಸಿನಲ್ಲಿ ಐದು ಎಣಿಸಿ. ಆಗಲೂ ಬರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿ. 'ಕ ಗುಡಿಸು ಕಿ, ಕ ಕೊಂಬು ಕು' ಅಂತ ಪ್ರತಿ ಅಕ್ಷರ ಬಿಡಿಸಿ ಹೇಳಿಸುವುದನ್ನು ಕಥೆಯ ನಡುವೆ ತರಬೇಡಿ. ಅದು ಸ್ಲೇಟಿನ ಕೆಲಸ.

'ಹಾಲು' ಎಂದಿರುವುದನ್ನು 'ಆಲು' ಅಂತ ಓದಿದರೆ ಅದು ಊರ ಮಾತು, ಓದಿನ ತಪ್ಪಲ್ಲ. ಅರ್ಥ ಸಿಕ್ಕಿದೆ, ಮುಂದೆ ಹೋಗಿ. 'ಹಾಲು' ಬದಲು 'ನೀರು' ಅಂದರೆ ಮಾತ್ರ ನಿಲ್ಲಿಸಿ, ಅದು ಊಹೆ.

ಎಚ್ಚರಿಕೆಯ ಸೂಚನೆಗಳು

ಮಗು ಗಡಗಡ ಓದುತ್ತಿದೆ, ಆದರೆ ಕಣ್ಣು ಚಿತ್ರದ ಮೇಲಿದೆ: ಬಾಯಿಪಾಠ ಆಗಿದೆ. ಚಿತ್ರದ ಮೇಲೆ ಕೈ ಮುಚ್ಚಿ, ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ. ಇದೇ ಕಾರಣಕ್ಕೆ ಪುಣ್ಯಕೋಟಿಯ ಹಾಡನ್ನು ಓದಿನ ಪರೀಕ್ಷೆಗೆ ಇಡಬೇಡಿ. ರಾಗ ಗೊತ್ತಿರುವ ಮಗು ಪುಸ್ತಕ ತಲೆಕೆಳಗಾಗಿ ಹಿಡಿದೂ ಹಾಡುತ್ತದೆ. ಅದನ್ನು ಓದಿಸುವುದಾದರೆ ಹಾಡು ಬಿಟ್ಟು ಗದ್ಯದಲ್ಲಿ ಬರೆಯಿರಿ. ಣ್ಯ, ತ್ಯ ಒತ್ತು ಬರುವುದರಿಂದ ಅದು ನಾಲ್ಕನೇ ಮೆಟ್ಟಿಲಿನ ಕಥೆ.

ಒಂದು ಪುಟದಲ್ಲಿ ನಾಲ್ಕೈದು ಕಡೆ ನಿಲ್ಲುತ್ತಿದೆ: ಪುಸ್ತಕ ಒಂದು ಮೆಟ್ಟಿಲು ಮೇಲಿದೆ. ಪುಸ್ತಕ ಕಿತ್ತುಕೊಳ್ಳಬೇಡಿ, ಅವತ್ತಿಗೆ ನೀವೇ ಓದಿ ಮುಗಿಸಿ.

ಎಲ್ಲ ಸರಿಯಾಗಿ ಓದಿತು, 'ಕೋತಿ ಯಾಕೆ ಸುಳ್ಳು ಹೇಳಿತು?' ಅಂದರೆ ಉತ್ತರ ಇಲ್ಲ: ಅಕ್ಷರದಲ್ಲೇ ಶಕ್ತಿಯೆಲ್ಲ ಹೋಗಿದೆ. ಹಂತ 3ಕ್ಕೆ ಹಿಂದಿರುಗಿ, ಮತ್ತೆ ಬಾಯಲ್ಲಿ ಹೇಳಿ.

ಆಕಳಿಕೆ, ಕಾಲು ಅಲ್ಲಾಡಿಸುವುದು, ನೀರು ಕುಡಿದು ಬರ್ತೀನಿ ಅನ್ನುವುದು: ಅವತ್ತಿಗೆ ಸಾಕು.

ಮತ್ತೆ ಮತ್ತೆ ಅದೇ ಪುಸ್ತಕ ಕೇಳಿದರೆ ಗಾಬರಿ ಬೇಡ, ಕೊಡಿ. ಹೊಸ ಕಥೆ ಶುರು ಮಾಡುವುದು ಮಗು ಹಳೆಯದನ್ನು ತಮ್ಮನಿಗೋ ತಂಗಿಗೋ ಓದಿ ಹೇಳಿದ ಮೇಲೆ. ಆಗ ಎಂಟನೇ ಪುಟದ ಪದಗಳಲ್ಲಿ ಬಂದವನ್ನೆಲ್ಲ ಹೊಡೆದುಹಾಕಿ. ಉಳಿದವನ್ನು ಮುಂದಿನ ಪುಸ್ತಕದ ಮೊದಲ ಎರಡು ಪುಟಕ್ಕೆ ಸೇರಿಸಿ.